ಗಾಡಿ ಬರುವವರೆಗಿನ ಮುಕ್ಕಾಲು ಗಂಟೆ

ಶಿರಸಿ ಪೇಟೆಯ ಅಗ್ನಿಶಾಮಕ ಠಾಣೆಯಿಂದ ನಮ್ಮ ಕೇರಿಗೆ 24 ಕಿಲೋಮೀಟರ್. ಅದರಲ್ಲಿ ಹದಿನೇಳು ಡಾಂಬರು. ಉಳಿದ ಏಳು ಕಿಲೋಮೀಟರ್ ಮಣ್ಣು ರಸ್ತೆ, ಎರಡು ಮೋರಿ, ಗಳು ಸರಿಸಿ ದಾಟುವ ಒಂದು ದಣಪೆ. ನೀರು ತುಂಬಿದ ಗಾಡಿಗೆ ಈ ತಿರುವುಗಳಲ್ಲಿ ಓಡಲು ಬರುವುದಿಲ್ಲ, ನಿಧಾನಕ್ಕೆ ಹತ್ತಬೇಕು. ಫೋನು ಮಾಡಿದ ಹೊತ್ತಿನಿಂದ ಲೆಕ್ಕ ಹಾಕಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮರದ ತೊಲೆ, ಮರದ ಮುಚ್ಚಿಗೆ, ಕೊಟ್ಟಿಗೆಯ ಅಟ್ಟದಲ್ಲಿ ಹುಲ್ಲು ಇರುವ ಮನೆಗಳಲ್ಲಿ ಅಷ್ಟು ಹೊತ್ತಿಗೆ ಉಳಿಸಲು ಹೆಚ್ಚೇನೂ ಇರುವುದಿಲ್ಲ. ಅದಕ್ಕೇ ಕೇರಿಯ ಹನ್ನೊಂದು ಮನೆಯವರು ಸೇರಿ, ಆ ಮುಕ್ಕಾಲು ಗಂಟೆಯಲ್ಲಿ ನಾವೇ ಮಾಡಬೇಕಾದ್ದು ಏನು, ಅದಕ್ಕಿಂತ ಮೊದಲೇ ಮಾಡಿ ಮುಗಿಸಬೇಕಾದ್ದು ಏನು ಎಂದು ಠಾಣೆಯವರನ್ನು ಕರೆಸಿ ಕಲಿತೆವು. ಕಲಿತದ್ದನ್ನು ಒಂದೊಂದಾಗಿ ಸರಿಪಡಿಸುತ್ತ ಬೇಸಿಗೆಯೊಳಗೆ ಮುಗಿಸಿದೆವು. ಅಡಿಕೆ ಸೀಮೆಯ ಬೇರೆ ಊರುಗಳಿಗೂ ಬೇಕಾಗುವ ಸಂಗತಿಯಾದ್ದರಿಂದ ವಿವರವಾಗಿ ಬರೆಯುತ್ತಿದ್ದೇವೆ.

ಠಾಣಾಧಿಕಾರಿಗಳಿಗೆ ಬಿಳಿ ಹಾಳೆಯಲ್ಲಿ ಒಂದು ಪುಟದ ಅರ್ಜಿ ಸಾಕಾಯಿತು. ಆದರೆ ಯಾವಾಗ ಬನ್ನಿ ಎಂದು ಕೇಳುತ್ತೇವೆ ಎನ್ನುವುದು ಮುಖ್ಯ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಹೆಚ್ಚಿನ ಪ್ರಾತ್ಯಕ್ಷಿಕೆಗಳು ಆ ವಾರದವೇ. ನಮಗೆ ಏಪ್ರಿಲ್ ಎಂದರೆ ತಡವಾಯಿತು. ಅಡಿಕೆ ಬೇಯಿಸುವ ಒಲೆ ನವೆಂಬರ್‌ಗೆ ಹೊತ್ತುತ್ತದೆ, ಬೆಟ್ಟದ ಕರಡ ಹುಲ್ಲು ಜನವರಿಗೆ ಒಣಗುತ್ತದೆ. ಹಾಗಾಗಿ ಮಳೆ ಹಿಂದೆಗೆದ ಕೂಡಲೇ, ಅಕ್ಟೋಬರ್ ಕೊನೆಯ ವಾರಕ್ಕೆ ಕೇಳಿದೆವು. ಅರ್ಜಿಯಲ್ಲಿ ಮನೆಗಳ ಸಂಖ್ಯೆ, ಬರುವ ದಾರಿ, ನೀರಿನ ಜಾಗ, ಬೆಂಕಿ ಹಚ್ಚಿ ತೋರಿಸಲು ಬಯಲು ಎಲ್ಲಿದೆ ಎಂದು ಬರೆದಿದ್ದೆವು. ಎರಡು ದಿನಾಂಕ ಕೊಡುವುದು ಒಳ್ಳೆಯದು, ಏಕೆಂದರೆ ಅದೇ ದಿನ ಎಲ್ಲಾದರೂ ಬೆಂಕಿಯ ಕರೆ ಬಂದರೆ ಅವರು ಅಲ್ಲಿಗೇ ಹೋಗಬೇಕು.

ಏಪ್ರಿಲ್ 14 ಏಕೆ ಎಂಬುದಕ್ಕೆ ನಮ್ಮ ಕಸುಬಿಗೆ ಹತ್ತಿರದ ಪಾಠವೊಂದಿದೆ. 1944ರ ಆ ದಿನ ಮುಂಬೈ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಸ್ಫೋಟಿಸಿ 66 ಅಗ್ನಿಶಾಮಕರು ಸತ್ತರು. ಒಂದೇ ಹಡಗಿನಲ್ಲಿ ಹತ್ತಿಯ ಬೇಲುಗಳೂ ಇದ್ದವು, ಸಿಡಿಮದ್ದೂ ಇತ್ತು. ಬೆಂಕಿ ಹತ್ತಿಯ ಒಳಗಿತ್ತು. ಎಷ್ಟು ನೀರು ಸುರಿದರೂ ಒಳಗಿನ ಕೆಂಡ ಆರಲಿಲ್ಲ. ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಗೊಣಬೆ ಎರಡೂ ಹತ್ತಿಯಂತೆಯೇ ಒಳಗೊಳಗೆ ಉರಿಯುವ ವಸ್ತುಗಳು. ಅದರ ಮಾತು ಮುಂದೆ ಬರುತ್ತದೆ.

ಬಂದ ದಿನ ಗಾಡಿ ಮೊದಲ ಮೋರಿಯ ಹತ್ತಿರ ನಿಂತಿತು. ಜಲವಾಹನದ ಟ್ಯಾಂಕಿನಲ್ಲಿ 4,500 ಲೀಟರ್ ನೀರು, ಅಂದರೆ ನೀರೇ ನಾಲ್ಕೂವರೆ ಟನ್. ಗಾಡಿ, ಪಂಪು, ಏಣಿ, ಸಿಬ್ಬಂದಿಯ ತೂಕ ಬೇರೆ. ಚಾಲಕರು ಇಳಿದು ಮೋರಿಯ ಕೆಳಗೆ ಬಗ್ಗಿ ನೋಡಿದರು. ಒಂದು ಬದಿಯ ಕಲ್ಲು ಮಳೆಗಾಲದಲ್ಲಿ ಜರಿದಿತ್ತು. ಅಡಿಕೆ ಮೂಟೆ ಹೊತ್ತ ಪಿಕಪ್ ದಿನಾ ಅದರ ಮೇಲೆ ಹೋಗುತ್ತಿದ್ದರಿಂದ ನಾವು ಯಾರೂ ಗಮನಿಸಿರಲಿಲ್ಲ. ಗಾಡಿ ಅಲ್ಲೇ ನಿಂತಿತು, ಉಳಿದ ಒಂದೂಕಾಲು ಕಿಲೋಮೀಟರ್ ಎಲ್ಲರೂ ನಡೆದೆವು. ನಿಜವಾದ ಬೆಂಕಿಯ ದಿನ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದಾರಿಯ ತಪಾಸಣೆ ನಡೆದುಕೊಂಡೇ ಆಯಿತು. ಅವರು ಕೇಳಿದ್ದು ಇಷ್ಟು: ರಸ್ತೆಯ ಅಗಲ ಎಲ್ಲೂ ಮೂರೂವರೆ ಮೀಟರಿಗೆ ಕಡಿಮೆ ಇರಬಾರದು. ತಲೆಯ ಮೇಲೆ ನಾಲ್ಕು ಮೀಟರ್‌ವರೆಗೆ ಕೊಂಬೆ, ಕೇಬಲ್ ತಂತಿ, ಪೈಪು ಏನೂ ಬಾಗಿರಬಾರದು. ದಣಪೆಯ ಗಳು ಒಬ್ಬರೇ ಸರಿಸುವಂತಿರಬೇಕು, ಅದಕ್ಕೆ ಸರಪಳಿ ಬೀಗ ಹಾಕಿದ್ದರೆ ಕೀಲಿ ಹತ್ತಿರದ ಮನೆಯಲ್ಲಿರಬೇಕು. ಕೇರಿಯ ಕೊನೆಯಲ್ಲಿ ಗಾಡಿ ತಿರುಗಿಸಲು ಜಾಗ ಬೇಕು, ಏಕೆಂದರೆ ನೀರು ಖಾಲಿಯಾದ ಮೇಲೆ ಅದು ತುಂಬಿಸಿಕೊಳ್ಳಲು ಹೋಗಬೇಕು. ಹಿಮ್ಮುಖವಾಗಿ ಒಂದು ಕಿಲೋಮೀಟರ್ ಬರುವ ಹೊತ್ತಿಗೆ ಬೆಂಕಿ ಮತ್ತೆ ಎದ್ದಿರುತ್ತದೆ. ಮೋರಿಗೆ ಪಂಚಾಯತಿಗೆ ಮನವಿ ಕೊಟ್ಟು, ಅದು ಮಂಜೂರಾಗುವವರೆಗೆ ಕಾಯದೆ ನಾವೇ ಚಿರೆಕಲ್ಲು ಕಟ್ಟಿ ಬಿಗಿ ಮಾಡಿಸಿದೆವು. ಡಿಸೆಂಬರಿನಲ್ಲಿ ಗಾಡಿ ಮತ್ತೆ ಬಂದು, ಖಾಲಿ ಟ್ಯಾಂಕಿನಲ್ಲಿ ಒಮ್ಮೆ, ತುಂಬಿದ ಟ್ಯಾಂಕಿನಲ್ಲಿ ಒಮ್ಮೆ ದಾಟಿ ನೋಡಿತು.

ನೀರಿನ ಲೆಕ್ಕ ಹೀಗಿದೆ. ಒಂದು ಕೊಳವೆಯಿಂದ ನಿಮಿಷಕ್ಕೆ 450 ಲೀಟರಿನಂತೆ ಬಿಟ್ಟರೆ ಇಡೀ ಟ್ಯಾಂಕು ಹತ್ತು ನಿಮಿಷಕ್ಕೆ ಖಾಲಿ. ಆಮೇಲೆ ಕೆರೆ, ಹಳ್ಳ ಅಥವಾ ಬಾವಿಯಿಂದ ಎತ್ತಬೇಕು. ಪಂಪು ಎಷ್ಟೇ ದೊಡ್ಡದಿರಲಿ, ನೀರಿನ ಮಟ್ಟ ಪಂಪಿಗಿಂತ ಏಳು ಮೀಟರಿಗಿಂತ ಕೆಳಗಿದ್ದರೆ ಹೀರುವುದಿಲ್ಲ. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಪಂಪಿನ ಶಕ್ತಿ ಹೆಚ್ಚಿಸಿದರೆ ಆ ಒತ್ತಡವೇನೂ ಹೆಚ್ಚುವುದಿಲ್ಲ. ನಮ್ಮಲ್ಲಿ ಬಾವಿ ಒಂಬತ್ತು ಇವೆ. ಅಕ್ಟೋಬರಿನಲ್ಲಿ ಎಲ್ಲದರಲ್ಲೂ ಕೈಗೆಟಕುವ ನೀರು. ಮಾರ್ಚ್ ಕೊನೆಗೆ ಅಳೆದಾಗ ಏಳು ಮೀಟರಿನೊಳಗೆ ನೀರಿದ್ದದ್ದು ಎರಡರಲ್ಲಿ ಮಾತ್ರ. ಹಾಗಾಗಿ ತೋಟದ ತಲೆಗಿರುವ ಕೆರೆಯನ್ನೇ ಮುಖ್ಯವೆಂದು ಗುರುತಿಸಿ, ಗಾಡಿ ನಿಲ್ಲಲು ಅದರ ದಂಡೆಯ ಹತ್ತಿರ ಜಂಬಿಟ್ಟಿಗೆ ಹಾಸಿದೆವು. ಹೀರುವ ಪೈಪಿನ ತುದಿಯ ಜರಡಿಗೆ ಅಡಿಕೆ ಸೋಗೆಯ ಎಳೆ, ಪಾಚಿ ಸುತ್ತಿಕೊಂಡರೆ ಪಂಪು ಬರಿದೇ ತಿರುಗುತ್ತದೆ. ಅದಕ್ಕೆ ಹಳೆಯ ಬಿದಿರು ಬುಟ್ಟಿಯೊಳಗೆ ಜರಡಿಯನ್ನು ಇಳಿಸುವುದು ಸುಲಭದ ಉಪಾಯ.

ತೋಟದ ತುಂತುರು ನೀರಾವರಿಯ ಪಂಪು ಇದೆಯಲ್ಲ ಎಂದು ನಾವೆಲ್ಲ ಧೈರ್ಯವಾಗಿದ್ದೆವು. ಆ ಲೆಕ್ಕ ತಪ್ಪು. ಬೆಂಕಿ ಬಿದ್ದ ಮನೆಯ ವಿದ್ಯುತ್ತನ್ನು ಮೊದಲು ತೆಗೆಯಬೇಕು, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರಿನಿಂದಲೇ. ತ್ರಿ ಫೇಸ್ ಇರುವ ಹೊತ್ತು ಬೇರೆ ಸೀಮಿತ. ಕರೆಂಟು ಇಲ್ಲದೆ ನಡೆಯುವ ಪಂಪು ಕೇರಿಗೆ ಒಂದಾದರೂ ಬೇಕು. ನಮ್ಮಲ್ಲಿ ಒಂದು ಮನೆಯ ಹಳೆಯ ಡೀಸೆಲ್ ಪಂಪ್‌ಸೆಟ್ಟನ್ನು ರಿಪೇರಿ ಮಾಡಿಸಿ, ಎರಡು ಇಂಚಿನ ಕಪ್ಪು ಪೈಪು 100 ಮೀಟರ್ ಸುರುಳಿ ಸುತ್ತಿ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಚಾಲೂ ಮಾಡದಿದ್ದರೆ ಬೇಕಾದ ದಿನ ಅದು ಏಳುವುದಿಲ್ಲ. ಅಡಿಕೆಗೆ ಔಷಧಿ ಹೊಡೆಯುವ ಎಂಜಿನ್ ಪಂಪೂ ಕೆಲಸಕ್ಕೆ ಬರುತ್ತದೆ. ನೀರು ಸಣ್ಣದು, ಆದರೆ ಮಾಡಿನ ಎತ್ತರಕ್ಕೆ ತಲುಪುತ್ತದೆ, ಶುರುವಿನ ಬೆಂಕಿಗೆ ಅದು ಸಾಕು. ಮೈಲುತುತ್ತು ಸುಣ್ಣದ ಗಸಿ ನಳಿಗೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಮಳೆಗಾಲದ ಔಷಧಿ ಮುಗಿದ ದಿನವೇ ತೊಳೆದಿಡಬೇಕು.

ಮನೆಗಳೊಳಗೆ ಹೊಕ್ಕ ಮೇಲೆ ಮೊದಲು ಅಡುಗೆಮನೆ. ಜೊತೆಗಿದ್ದ ಪ್ರಮುಖ ಅಗ್ನಿಶಾಮಕರು ಒಲೆಯನ್ನು ಮುಟ್ಟಲೂ ಇಲ್ಲ, ಸೀದಾ ಪೈಪು ಹಿಡಿದರು. “ಹೆಗಡೇರೆ, ಇದರ ಮೇಲಿನ ತಾರೀಖು ಓದಿ” ಎಂದರು. ತಂತಿಯ ಜಾಲಿ ಒಳಗಿರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೂ ಆಯಸ್ಸು ಐದು ವರ್ಷ. ಹನ್ನೊಂದು ಮನೆಗಳಲ್ಲಿ ಅವಧಿಯೊಳಗೆ ಇದ್ದದ್ದು ನಾಲ್ಕು. ಎರಡು ಮನೆಗಳಲ್ಲಿ ಪೇಟೆಯಿಂದ ತಂದ ಬರಿಯ ಹಸಿರು ಪ್ಲಾಸ್ಟಿಕ್ ಪೈಪು, ಅದರಲ್ಲೊಂದಕ್ಕೆ ಇಲಿಯ ಹಲ್ಲಿನ ಗುರುತು. ಪೈಪು ಒಂದೂವರೆ ಮೀಟರಿಗಿಂತ ಉದ್ದ ಇರಬಾರದು, ಗೋಡೆ ತೂತಿನೊಳಗಿಂದ ಹಾಯಬಾರದು, ಚೆಂದಕ್ಕೆಂದು ಅದರ ಮೇಲೆ ಬಟ್ಟೆಯ ಕವಚ ಹಾಕಬಾರದು. ಕವಚ ಹಾಕಿದರೆ ಬಿರುಕು ಕಾಣುವುದಿಲ್ಲ. ಸಿಲಿಂಡರಿನ ಮೇಲಿನ ಬಳೆಯನ್ನು ಹಿಡಿದ ಪಟ್ಟಿಯ ಒಳಮೈಯಲ್ಲಿ ‘ಬಿ 28’ ಎಂಬಂತೆ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷ. ಅದು ಮರುಪರೀಕ್ಷೆಗೆ ಹೋಗಬೇಕಾದ ಗಡುವು. ಗಡುವು ಮೀರಿದ್ದನ್ನು ತಂದವರ ಎದುರೇ ವಾಪಸು ಕಳಿಸಬಹುದು.

ಸಿಲಿಂಡರ್ ಬಂದ ಕೂಡಲೇ ಮಾಡಬೇಕಾದ ಪರೀಕ್ಷೆ ಸುಲಭ. ಮುಚ್ಚಳ ತೆಗೆದು ಬಾಯಿಗೆ ನಾಲ್ಕು ಹನಿ ನೀರು ಬಿಡಿ. ಗುಳ್ಳೆ ಬಂದರೆ ಮುಚ್ಚಳ ಹಾಕಿ ಹೊರಗಿಡಿ. ಬಾಯಿಯೊಳಗಿನ ಕಪ್ಪು ರಬ್ಬರ್ ಉಂಗುರ ಇದೆಯೇ, ಬಿರಿದಿದೆಯೇ ನೋಡಿ. ರೆಗ್ಯುಲೇಟರ್ ಕೂರಿಸಿದ ಮೇಲೆ ಸೋಪಿನ ನೀರನ್ನು ಕೀಲುಗಳಿಗೆ ಸವರಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ನಮ್ಮಲ್ಲೂ ಎರಡು ಮನೆಯಲ್ಲಿತ್ತು. ಅದನ್ನು ಬಿಡಲೇಬೇಕು.

ನಮ್ಮ ಕಡೆಯ ಮನೆಗಳಿಗೆ ಇನ್ನೊಂದು ಅಪಾಯವಿದೆ. ಪೇಟೆಯ ಮನೆಯ ಪಟ್ಟಿಗಳಲ್ಲಿ ಅದು ಸಿಗುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೆಲಕ್ಕೆ ಹರಡಿ, ಇಳಿಜಾರು ಸಿಕ್ಕ ಕಡೆ ನೀರಿನಂತೆ ಹರಿಯುತ್ತದೆ. ಹಳೆಯ ಮನೆಗಳಲ್ಲಿ ಅಡುಗೆಮನೆಯಿಂದ ಒಂದು ಮೆಟ್ಟಿಲು ಇಳಿದರೆ ಬಚ್ಚಲು, ಬಚ್ಚಲಲ್ಲಿ ಹಂಡೆಯ ಕೆಳಗೆ ದಿನವಿಡೀ ಕೆಂಡ. ಸಿಲಿಂಡರ್ ಇಟ್ಟ ಮೂಲೆಯಿಂದ ಬಚ್ಚಲ ಒಲೆಗೆ ಎಂಟು ಹೆಜ್ಜೆ. ವಾಸನೆ ಮೂಗಿಗೆ ಬರುವ ಮೊದಲೇ ಅನಿಲ ಒಲೆಯನ್ನು ಮುಟ್ಟಿರಬಹುದು. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಹೆದ್ದಾರಿಯಲ್ಲಿ ಅನಿಲ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ಹತ್ತಿ ಅಕ್ಕಪಕ್ಕದ ಮನೆಯವರು ಸತ್ತದ್ದು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ನಾವು ಆರು ಮನೆಗಳಲ್ಲಿ ಸಿಲಿಂಡರನ್ನು ಬಚ್ಚಲಿನ ಎದುರು ಗೋಡೆಗೆ ಸರಿಸಿ, ನೆಲಮಟ್ಟದಲ್ಲೇ ಹೊರಗೋಡೆಗೆ ಒಂದು ಚದರಡಿಯ ಜಾಲಿ ಕಿಂಡಿ ಕೊರೆಸಿದೆವು. ಎತ್ತರದ ಕಿಟಕಿ ಹೊಗೆಗೆ ಸರಿ, ಅನಿಲಕ್ಕೆ ನೆಲದ ಕಿಂಡಿಯೇ ಬೇಕು. ಉಳಿದ ಮನೆಗಳಲ್ಲಿ ಬಚ್ಚಲಿನ ಹೊಸ್ತಿಲು ಎತ್ತರಿಸಿದ್ದಾಯಿತು.

ವಾಸನೆ ಬಂದರೆ ಮೊದಲು ರೆಗ್ಯುಲೇಟರ್ ಬಂದ್. ಬಚ್ಚಲ ಒಲೆಗೂ ದೇವರ ದೀಪಕ್ಕೂ ಬೆಂಕಿ ಇದ್ದರೆ ಆರಿಸಿ. ಸ್ವಿಚ್ ಹಾಕಲೂ ಬೇಡ, ತೆಗೆಯಲೂ ಬೇಡ, ಕಿಡಿ ಎರಡರಲ್ಲೂ ಏಳುತ್ತದೆ. ಬಾಗಿಲು ಕಿಟಕಿ ತೆಗೆದು, ಗೋಣಿಚೀಲದಿಂದ ಬೀಸಿ ನೆಲದ ಗಾಳಿಯನ್ನು ಹೊರಗೆ ದಬ್ಬಿ. ಆಮೇಲೆ ಹೊರಗೆ ನಿಂತು 1906ಕ್ಕೆ ಫೋನು ಮಾಡಿ, ಅದು ಅನಿಲ ಸೋರಿಕೆಗೆಂದೇ ಇರುವ ನಂಬರು.

ಉರಿಯುವ ಸಿಲಿಂಡರನ್ನು ಆರಿಸುವುದನ್ನು ಕಣದಲ್ಲಿ ಮಾಡಿ ತೋರಿಸಿದರು, ಆಮೇಲೆ ನಮ್ಮ ಕೈಯಲ್ಲೂ ಮಾಡಿಸಿದರು. ನೆಟ್ಟಗೆ ನಿಂತ ಸಿಲಿಂಡರಿನ ಬಾಯಲ್ಲಿ ಮಾತ್ರ ಉರಿ ಇದ್ದರೆ ಅದು ಕೂಡಲೇ ಸಿಡಿಯುವುದಿಲ್ಲ. ಗಾಳಿ ಬೆನ್ನಿಗಿರುವಂತೆ ನಿಂತು, ನೀರಿನಲ್ಲಿ ಅದ್ದಿದ ದಪ್ಪ ಗೋಣಿಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಅಗಲವಾಗಿ ಹಿಡಿದು ಹತ್ತಿರ ಹೋಗಿ, ಬಾಯಿ ಮುಚ್ಚಿ ಒತ್ತಿ ಹಿಡಿದು, ಅದೇ ಕೈಯಲ್ಲಿ ರೆಗ್ಯುಲೇಟರಿನ ಗುಂಡಿ ತಿರುಗಿಸಬೇಕು. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿರಬೇಕು. ಅರೆಹಸಿ ಗೋಣಿ ತಾನೇ ಹೊತ್ತುತ್ತದೆ. ಉರಿ ಆರಿತು ಎಂದು ಬಿಟ್ಟು ಬಂದರೆ ಕೆಲಸ ಅರ್ಧವೇ ಆದದ್ದು, ಅನಿಲ ಇನ್ನೂ ಸೋರುತ್ತಲೇ ಇರುತ್ತದೆ. ಮುಚ್ಚಲು ಆಗದಂತಿದ್ದರೆ ಉರಿ ಆರಿಸದೆ ಇರುವುದೇ ಮೇಲು, ಸುತ್ತಲಿನದನ್ನು ನೀರು ಹಾಕಿ ತಣ್ಣಗಿಡಬೇಕು. ಸಿಲಿಂಡರ್ ಅಡ್ಡ ಬಿದ್ದು ಅದರ ಮೈಗೇ ಉರಿ ತಾಗುತ್ತಿದ್ದರೆ ಯಾರೂ ಹತ್ತಿರ ಹೋಗಕೂಡದು. ಎಲ್ಲರನ್ನೂ ಹೊರಡಿಸಿ ದೂರ ಹೋಗುವುದೊಂದೇ ದಾರಿ.

ಕಾದ ಎಣ್ಣೆಯ ಪ್ರಯೋಗವನ್ನು ಹೆಂಗಸರು ಮಕ್ಕಳು ದೂರ ನಿಂತು ನೋಡಿದರು. ಹೊತ್ತಿಕೊಂಡ ಬಾಣಲೆಗೆ ಉದ್ದ ಕೋಲಿಗೆ ಕಟ್ಟಿದ ಚೊಂಬಿನಿಂದ ಅರ್ಧ ಲೋಟ ನೀರು ಬಿಟ್ಟರು. ಉರಿ ಮಾಡಿನೆತ್ತರಕ್ಕೆ ಎದ್ದಿತು. ನೀರು ಎಣ್ಣೆಯ ತಳಕ್ಕೆ ಇಳಿದು ತಟ್ಟನೆ ಆವಿಯಾಗುತ್ತದೆ, ಒಂದು ಲೀಟರ್ ನೀರಿಗೆ 1,700 ಲೀಟರಿನಷ್ಟು ಆವಿ. ಅದು ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಮೇಲಕ್ಕೆ ಹಾರಿಸುತ್ತದೆ. ಒಲೆ ಆರಿಸಿ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯದೆ ಇರುವುದಷ್ಟೇ ಮದ್ದು. ಮದುವೆ, ಉಪನಯನದ ಅಡುಗೆ ಚಪ್ಪರದಲ್ಲಿ ಬಾಣಲೆಯ ಅಳತೆಯ ತಗಡನ್ನು ಒಲೆಯ ಪಕ್ಕದಲ್ಲೇ ಒರಗಿಸಿಡಿ. ಆ ಅಳತೆಯ ಮುಚ್ಚಳ ಹುಡುಕಿಕೊಂಡು ಓಡುವಷ್ಟು ಹೊತ್ತು ಆಗ ಇರುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚಿನ ತಪ್ಪುಗಳು ಮೆತ್ತಿನ (ಮಹಡಿಯ) ಮೇಲೆ ಸಿಕ್ಕವು. ಮರದ ಪಟ್ಟಿಯ ಹಳೆಯ ವೈರಿಂಗಿಗೇ ಫ್ರಿಜ್, ಮಿಕ್ಸರ್, ಪಂಪು ಸೇರಿಸುತ್ತ ಹೋಗಿದ್ದಾರೆ. ದೀಪಕ್ಕೆ ಒಂದೂವರೆ ಚದರ ಮಿಲಿಮೀಟರ್ ತಂತಿ ಸಾಕು, 16 ಆಂಪಿಯರ್ ಸಾಕೆಟ್ಟಿಗೆ ಎರಡೂವರೆ ಬೇಕು, ಗೀಸರಿಗೆ ನಾಲ್ಕು. ಪದೇ ಪದೇ ಹಾರುತ್ತದೆ ಎಂದು ಒಂದು ಮನೆಯಲ್ಲಿ ಫ್ಯೂಸಿಗೆ ತಾಮ್ರದ ತಂತಿಯ ನಾಲ್ಕೆಳೆ ಹೊಸೆದು ಕಟ್ಟಿದ್ದರು. ಹಾಗೆ ಮಾಡಿದರೆ ಫ್ಯೂಸು ಸುಡುವುದಿಲ್ಲ, ಮುಚ್ಚಿಗೆಯ ಹಿಂದಿನ ತಂತಿ ಸುಡುತ್ತದೆ. ಇನ್ನೊಂದು ಮನೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ ಮಳೆಗಾಲದಲ್ಲಿ ಬೀಳುತ್ತಲೇ ಇತ್ತೆಂದು ಅದನ್ನೇ ತಪ್ಪಿಸಿ ನೇರ ಜೋಡಿಸಿದ್ದರು. ಅದು ಬೀಳುತ್ತಿದ್ದದ್ದು ಹಸಿಗೋಡೆಯೊಳಗೆ ತಂತಿಯ ಹೊದಿಕೆ ಹೋಗಿದ್ದರಿಂದ, ಎಂದರೆ ಅದು ತನ್ನ ಕೆಲಸ ಮಾಡುತ್ತಿತ್ತು. ಮೆತ್ತಿನಲ್ಲಿ ಸುಲಿದ ಅಡಿಕೆ, ಗೋಣಿಚೀಲ, ಹಳೆ ಕಾಗದ ರಾಶಿ ಇರುವುದರಿಂದ ಅಲ್ಲಿ ತಂತಿಯ ಕೀಲು ಒಂದೂ ಇರಬಾರದು, ಕೀಲುಗಳೆಲ್ಲ ಕೆಳಗೆ ಕಣ್ಣಿಗೆ ಕಾಣುವ ಡಬ್ಬಿಯೊಳಗೆ ಬರಬೇಕು. ಮೇ ತಿಂಗಳ ಸಿಡಿಲಿನ ದಿನಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ಗು ಕೀಳಬೇಕು, ಸ್ವಿಚ್ ತೆಗೆದರೆ ಸಾಲದು.

ಇನ್ನು ಅಡಿಕೆಯದೇ ಕೆಲಸ. ನವೆಂಬರಿನಿಂದ ಎರಡು ಮೂರು ತಿಂಗಳು ಬೇಯಿಸುವ ಒಲೆ ರಾತ್ರಿ ಹತ್ತರವರೆಗೂ ಉರಿಯುತ್ತದೆ. ಅಲ್ಲಿ ಬೆಂಕಿಗೆ ಕಾರಣ ಮೂರೇ: ಒಲೆಗೆ ತಾಗಿಸಿ ಒಟ್ಟಿದ ಕಟ್ಟಿಗೆ, ಮಾಡಿಗೆ ತಾಗುವ ಕಿಡಿ, ಬೂದಿ. ಇವುಗಳಲ್ಲಿ ಬೂದಿಯನ್ನೇ ಜನ ಕಡೆಗಣಿಸುತ್ತಾರೆ. ಮೇಲೆ ತಣ್ಣಗಿದ್ದ ಬೂದಿಯೊಳಗೆ ಕೆಂಡ ಎರಡು ದಿನ ಜೀವ ಹಿಡಿದಿರುತ್ತದೆ. ಬೆಳಿಗ್ಗೆ ಒಲೆ ಬಳಿದು ಬೂದಿಯನ್ನು ಸಿಪ್ಪೆ ರಾಶಿಯ ಮೇಲೆ ಚೆಲ್ಲಿದರೆ ಸಂಜೆ ಗಾಳಿಗೆ ಅದು ಹೊತ್ತುತ್ತದೆ. ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಮೂರು ದಿನ ಇಟ್ಟು, ನೀರು ಚಿಮುಕಿಸಿ, ಆಮೇಲೆ ತೋಟಕ್ಕೆ ಹಾಕುವುದು ಈಗಿನ ನಮ್ಮ ಪದ್ಧತಿ. ಸೋಗೆ ಮಾಡಿನ ಒಲೆಮನೆ ಎರಡಿದ್ದವು. ಎರಡಕ್ಕೂ ತಗಡು ಹೊದಿಸಿದೆವು. ಕಟ್ಟಿಗೆ ಒಲೆಯಿಂದ ಮೂರು ಮೀಟರ್ ಆಚೆ, ಅಂದಿಗೆ ಬೇಕಾದಷ್ಟು ಮಾತ್ರ ಹತ್ತಿರ. ಬಿಸಿಗಾಳಿಯ ಡ್ರೈಯರ್ ಇಟ್ಟವರು ಜರಡಿಯಿಂದ ಉದುರಿ ಕಾದ ಕೊಳವೆಯ ಮೇಲೆ ಕೂರುವ ಅಡಿಕೆ ಚೂರು, ಸಿಪ್ಪೆ ನಾರನ್ನು ಪ್ರತಿ ಸಲ ಅಡಿಕೆ ತುಂಬುವ ಮೊದಲು ಗುಡಿಸಬೇಕು. ಡ್ರೈಯರಿನ ಬೆಂಕಿಗೆ ಅದೇ ಮೂಲ.

ಸಿಪ್ಪೆ ರಾಶಿಗೆ ಬೆಂಕಿ ಬಿದ್ದರೆ ಮೇಲಿನಿಂದ ನೀರು ಹಾಕಿ ಪ್ರಯೋಜನವಿಲ್ಲ, ನಾರಿನ ಮೇಲೆ ಜಾರಿ ಹೋಗುತ್ತದೆ. ಹತ್ತು ಲೀಟರ್ ನೀರಿಗೆ ಒಂದೆರಡು ಚಮಚ ಬಟ್ಟೆ ಸೋಪಿನ ಪುಡಿ ಕಲಸಿದರೆ ಒಳಗೆ ಇಳಿಯುತ್ತದೆ. ಜೊತೆಗೆ ಉದ್ದ ಹಿಡಿಯ ಕೊಕ್ಕೆಯಿಂದ ರಾಶಿಯನ್ನು ಎಳೆದು ಹರಡುತ್ತ, ಹರಡಿದ್ದನ್ನು ನೆನೆಸುತ್ತ ಹೋಗಬೇಕು. ಗೊಣಬೆಯದೂ ಇದೇ ಸ್ವಭಾವ. ಗದ್ದೆಯ ಹುಲ್ಲು ಸರಿಯಾಗಿ ಒಣಗದೆ ಒಟ್ಟಿದರೆ ಒಳಗೆ ತಾನೇ ಕಾಯುತ್ತದೆ. ಒಟ್ಟಿದ ಎರಡನೆಯ ವಾರದಿಂದ ಕಬ್ಬಿಣದ ಸರಳನ್ನು ನಡುವಿನವರೆಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ ನೋಡಿ. ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಗೊಣಬೆ ಬಿಚ್ಚಬೇಕು. ಬಿಚ್ಚುವಾಗ ಗಾಳಿ ಒಳಹೊಕ್ಕು ಭಗ್ಗನೆ ಹೊತ್ತಿಕೊಳ್ಳುವುದುಂಟು, ನೀರಿನ ಪೈಪು ಕೈಯಲ್ಲಿ ಹಿಡಿದೇ ಶುರುಮಾಡಿ. ಗೊಣಬೆಯನ್ನು ವಿದ್ಯುತ್ ತಂತಿಯ ಕೆಳಗೆ ಕಟ್ಟಬಾರದು, ಕೊಟ್ಟಿಗೆಯಿಂದ ಹದಿನೈದು ಮೀಟರ್ ದೂರ ಇರಲಿ. ಕೊಟ್ಟಿಗೆಯಲ್ಲಿ ದನ ಕಟ್ಟುವ ಕಣ್ಣಿಹಗ್ಗಕ್ಕೆ ಬಿಗಿಗಂಟು ಬೇಡ, ಎಳೆದರೆ ಬಿಚ್ಚುವ ಜಾರುಗಂಟು ಹಾಕಿ. ಹಗ್ಗ ಕೊಯ್ಯಲು ಒಂದು ಕತ್ತಿಯನ್ನು ಬಾಗಿಲ ಪಕ್ಕ ಸಿಕ್ಕಿಸಿಡಿ. ಹೊಗೆಗೆ ಬೆದರಿದ ದನ ಹೊರಗೆ ಬಿಟ್ಟರೂ ಮತ್ತೆ ಒಳಗೇ ನುಗ್ಗುತ್ತದೆ, ಬಾಗಿಲು ಹಾಕಿಕೊಳ್ಳಬೇಕು.

ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದ ಕೆಲಸ ಎಲ್ಲಕ್ಕಿಂತ ಹೆಚ್ಚು ಆಳು ಬೇಡಿತು. ಬೆಟ್ಟಕ್ಕೂ ತೋಟಕ್ಕೂ ನಡುವೆ, ಮನೆಗಳ ಹಿಂದೆ, ರಸ್ತೆಯ ಎರಡೂ ಬದಿ ಮೂರು ಮೀಟರ್ ಅಗಲ ಕರಡ ಸವರಿ, ದರಕು (ಒಣಗಿದ ಉದುರೆಲೆ) ಗುಡಿಸಿ, ಮಣ್ಣು ಕಾಣುವಂತೆ ಕೆರೆದು ಬೆಂಕಿ ದಾಟದಂತೆ ರೇಖೆ ಮಾಡಿದೆವು. ಒಟ್ಟು ಎರಡು ಕಿಲೋಮೀಟರಿನ ಹತ್ತಿರ. ಗುಡಿಸಿದ ದರಕು ಕೊಟ್ಟಿಗೆಗೆ ಹಾಸಲು ಹೋಯಿತು, ಒಂದು ಕಡ್ಡಿಯನ್ನೂ ಅಲ್ಲಿ ಸುಡಲಿಲ್ಲ. ಸುಟ್ಟು ರೇಖೆ ಮಾಡುವುದು ಅರಣ್ಯ ಇಲಾಖೆಯವರ ಜೊತೆಯಲ್ಲಿ ಮಾತ್ರ ಮಾಡಬೇಕಾದ ಕೆಲಸ. ಬೆಟ್ಟಕ್ಕೆ ತಾವೇ ಬೆಂಕಿ ಕೊಡುವುದು ಅಪರಾಧವೂ ಹೌದು, ಅವಿವೇಕವೂ ಹೌದು. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದಕ್ಕೇ ಬೆಟ್ಟದ ಬೆಂಕಿಯನ್ನು ಮೇಲೆ ನಿಂತು ಎದುರಿಸಬಾರದು, ಪಕ್ಕದಿಂದ ಹಸಿ ಸೊಪ್ಪಿನಲ್ಲಿ ಬಡಿಯುತ್ತ ತಲೆಯ ಕಡೆಗೆ ಸಾಗಬೇಕು. ಸೊಪ್ಪು ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಬೇಕು. ಜನವರಿಗೆ ಒಮ್ಮೆ ಗುಡಿಸಿದ ರೇಖೆ ಫೆಬ್ರುವರಿ ಕೊನೆಗೆ ಮತ್ತೆ ಉದುರೆಲೆಯಿಂದ ಮುಚ್ಚಿರುತ್ತದೆ. ಎರಡನೆಯ ಸಲ ಗುಡಿಸದ ರೇಖೆ ರೇಖೆಯೇ ಅಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದೂ ಇದೇ ಹೊತ್ತಿಗೆ. ಜಾತ್ರೆಯ ದಿನಗಳಲ್ಲಿ ಪೇಟೆಯ ರಸ್ತೆ ತುಂಬಿರುವುದರಿಂದ ಗಾಡಿ ಪೇಟೆ ದಾಟುವುದೇ ತಡ, ಆ ದಿನಗಳಿಗೆ ನಮ್ಮ ಲೆಕ್ಕವನ್ನು ಒಂದು ಗಂಟೆ ಎಂದು ಇಟ್ಟುಕೊಂಡಿದ್ದೇವೆ.

ಆರಿಸುವ ಸಾಧನವಾಗಿ ಮನೆಗೊಂದು ಆರು ಕಿಲೋ ಎಬಿಸಿ ಪುಡಿಯ (ಘನ, ದ್ರವ, ಅನಿಲ ಮೂರರ ಬೆಂಕಿಗೂ ಆಗುವ ಪುಡಿ) ಸಿಲಿಂಡರ್ ತಂದೆವು. ಅದು ನಡೆಯುವುದು ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ. ಕಲಿಯುವಾಗ ಎಲ್ಲರೂ ಮಾಡಿದ ತಪ್ಪು ಒಂದೇ: ಗಾಬರಿಯಲ್ಲಿ ಹಿಡಿಯನ್ನು ಅದುಮಿಕೊಂಡೇ ಪಿನ್ನು ಎಳೆಯುವುದು. ಅದುಮಿದ್ದರೆ ಪಿನ್ನು ಬಿಗಿದುಕೊಳ್ಳುತ್ತದೆ. ನೆಲಕ್ಕೆ ಇಟ್ಟು ಪಿನ್ನು ಕಿತ್ತು, ಎರಡು ಮೂರು ಮೀಟರ್ ದೂರದಿಂದ, ಗಾಳಿ ಬೆನ್ನಿಗೆ, ಬೆಂಕಿಯ ಬುಡಕ್ಕೆ, ಪೊರಕೆ ಆಡಿಸುವಂತೆ ಅತ್ತಿತ್ತ ಆಡಿಸಬೇಕು. ಜ್ವಾಲೆಯ ತಲೆಗೆ ಹೊಡೆದ ಪುಡಿ ಅಷ್ಟೂ ಗಾಳಿಗೆ ಹೋಯಿತು. ಒಮ್ಮೆ ಒತ್ತಿದ ಸಿಲಿಂಡರನ್ನು ಅರ್ಧ ಉಳಿದಿದೆ ಎಂದು ಮತ್ತೆ ತೂಗುಹಾಕಬೇಡಿ. ಕವಾಟದಲ್ಲಿ ಪುಡಿ ಸಿಕ್ಕಿ ಒತ್ತಡ ಸೋರಿ ಹೋಗುತ್ತದೆ, ತುಂಬಿಸಲೇಬೇಕು. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ, ನಮ್ಮ ಮಳೆಗಾಲದ ಥಂಡಿಗೆ ಪುಡಿ ತಳದಲ್ಲಿ ಗಟ್ಟಿ ಕೂರುತ್ತದೆ. ತೂಗುಹಾಕುವ ಜಾಗ ಒಲೆಯ ಮೇಲಲ್ಲ, ಹೊರಗೆ ಹೋಗುವ ಬಾಗಿಲ ಪಕ್ಕ, ತಳ ನೆಲದಿಂದ ಒಂದು ಮೀಟರಿನೊಳಗೆ. ಮನೆಯ ಮುದುಕರಿಗೂ ಎತ್ತಲು ಬರಬೇಕು. ಸಿಪ್ಪೆ, ಹುಲ್ಲಿನ ಬೆಂಕಿಗೆ ಈ ಪುಡಿ ಮೇಲಿನ ಉರಿ ಆರಿಸುತ್ತದೆ, ಒಳಗಿನ ಕೆಂಡ ಆರಿಸುವುದಿಲ್ಲ. ಅಲ್ಲಿಗೆ ನೀರೇ.

ಫೋನು ಮಾಡುವುದನ್ನೂ ಕಲಿಯಬೇಕಾಯಿತು. ಕೇರಿಯಲ್ಲಿ ಮೊಬೈಲ್ ಸಿಗುವುದು ಎರಡು ಜಾಗದಲ್ಲಿ, ಎರಡನ್ನೂ ಬಿಳಿ ಬಣ್ಣದಲ್ಲಿ ಗುರುತು ಮಾಡಿದೆವು. 101 ಅಥವಾ 112. ಒಂದೇ ಹೆಸರಿನ ಊರು ತಾಲೂಕಿನಲ್ಲಿ ಎರಡು ಮೂರು ಇರುವುದರಿಂದ ಮೊದಲು ಗ್ರಾಮ ಪಂಚಾಯತಿಯ ಹೆಸರು, ಆಮೇಲೆ ಊರು, ಡಾಂಬರು ಬಿಡುವ ತಿರುವಿನ ಗುರುತು, ಉರಿಯುತ್ತಿರುವುದು ಏನು, ಒಳಗೆ ಜನ ಇದ್ದಾರೆಯೇ, ಸಿಲಿಂಡರ್ ಎಷ್ಟಿವೆ, ನೀರು ಎಲ್ಲಿ. ಅವರು ಫೋನು ಇಡುವವರೆಗೆ ನಾವು ಇಡಬಾರದು, ಮತ್ತೆ ಅವರು ಕರೆಯುವ ನಂಬರನ್ನು ಬೇರೆಯವರ ಮಾತಿಗೆ ಬಳಸಬಾರದು. ಒಬ್ಬರು ಬೈಕಿನಲ್ಲಿ ತಿರುವಿಗೆ ಹೋಗಿ ಟಾರ್ಚು ಹಿಡಿದು ನಿಲ್ಲಬೇಕು. ಇಬ್ಬರು ದಣಪೆ ತೆಗೆಯುವುದು, ಇಬ್ಬರು ಡೀಸೆಲ್ ಪಂಪು, ಒಬ್ಬರು ಮನೆಮನೆಯ ತಲೆಯೆಣಿಕೆ. ಹೆಸರುಗಳನ್ನು ಬರೆದಿದ್ದೇವೆ, ಕೊನೆಕೊಯ್ಲಿನ ದಿನ ಗಂಡಸರೆಲ್ಲ ತೋಟದಲ್ಲಿರುತ್ತಾರೆ ಎಂದು ಪ್ರತಿ ಕೆಲಸಕ್ಕೂ ಮನೆಯಲ್ಲಿರುವ ಒಬ್ಬ ಹೆಂಗಸಿನ ಹೆಸರು ಮೊದಲು.

ಫೆಬ್ರುವರಿಯಲ್ಲಿ ಮುನ್ಸೂಚನೆಯಿಲ್ಲದೆ ಒಂದು ಅಣಕು ಕರೆ ಮಾಡಿದೆವು, ಠಾಣೆಗೆ ಮಾತ್ರ ಮೊದಲೇ ತಿಳಿಸಿ. ಡೀಸೆಲ್ ಪಂಪಿನಿಂದ ನೀರು ಬರಲು ಹನ್ನೆರಡು ನಿಮಿಷ ಹಿಡಿಯಿತು. ಪಂಪಿನ ಹ್ಯಾಂಡಲ್ ಬೇರೆ ಮನೆಯ ಕೊಟ್ಟಿಗೆಯಲ್ಲಿತ್ತು, ಪೈಪಿನ ಒಂದು ಕ್ಲಿಪ್ಪು ಕಳೆದಿತ್ತು. ಹ್ಯಾಂಡಲನ್ನು ಈಗ ಪಂಪಿಗೇ ಸರಪಳಿಯಲ್ಲಿ ಕಟ್ಟಿದೆ, ಕ್ಲಿಪ್ಪು, ಸ್ಕ್ರೂಡ್ರೈವರ್, ಎರಡು ಲೀಟರ್ ಡೀಸೆಲ್ ಒಂದೇ ಪೆಟ್ಟಿಗೆಯಲ್ಲಿವೆ. ಎರಡನೆಯ ಸಲ ಐದು ನಿಮಿಷ. ಗಾಡಿ ದಣಪೆ ದಾಟಿದ್ದು ಕರೆಯಾದ 43ನೆಯ ನಿಮಿಷಕ್ಕೆ.